ರೆಕ್ಕೆಯ ತಗಡಿನ ಸೂಟ್‌ಕೇಸು

ರನ್‌ವೇಯ ಆಚೆಗೆ ಹುಲ್ಲು ಸೊಂಟದೆತ್ತರ ಬೆಳೆದ ಬಯಲು. ಅದರ ನಡುವೆ ಮುರಿದ ವಿಮಾನಗಳು ಒಂದರ ಪಕ್ಕ ಒಂದು ಬಿದ್ದಿವೆ. ಒಂದಕ್ಕೆ ಮೂತಿ ಇಲ್ಲ, ಇನ್ನೊಂದಕ್ಕೆ ಬಾಲ ಇಲ್ಲ. ಖಾಕಿ ಚಡ್ಡಿ ತೊಟ್ಟ ಹುಡುಗನೊಬ್ಬ ಮಂಡಿಯೂರಿ ಕುಳಿತು, ತಗಡು ಕತ್ತರಿಯಿಂದ ರೆಕ್ಕೆಯ ಹೊದಿಕೆಯನ್ನು ಉದ್ದಕ್ಕೆ ಸೀಳುತ್ತಿದ್ದಾನೆ. ಪಕ್ಕದಲ್ಲಿ ಪೆನ್ಸಿಲ್, ಅಳತೆಪಟ್ಟಿ, ರಿವೆಟ್ ತುಂಬಿದ ಸಿಗರೇಟು ಡಬ್ಬಿ. 1945ರ ಕೊನೆಯ ತಿಂಗಳುಗಳಲ್ಲಿ ಅಸ್ಸಾಂ, ಬಂಗಾಳ, ಬರ್ಮಾದ ವಾಯುನೆಲೆಗಳಲ್ಲಿ ಹೀಗೆ ಕುಳಿತವರು ಅನೇಕರು. ಯುದ್ಧ ಮುಗಿದಿದೆ. ಊರಿಗೆ ಕರೆದೊಯ್ಯುವ ಹಡಗು ಇನ್ನೂ ಬಂದಿಲ್ಲ. ಹುಡುಗ ಸೂಟ್‌ಕೇಸು ಮಾಡಿಕೊಳ್ಳುತ್ತಿದ್ದಾನೆ.

ಎರಡನೇ ಮಹಾಯುದ್ಧದ ವಾಯುಪಡೆಯವರು ಕೈಯಾರೆ ಮಾಡಿಕೊಂಡ ಇಂಥ ಪೆಟ್ಟಿಗೆಗಳು ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾದ ಮನೆಗಳ ಅಟ್ಟದಲ್ಲಿ ಈಗಲೂ ಸಿಗುತ್ತವೆ. ಕೆಲವು ಮ್ಯೂಸಿಯಂ ಸೇರಿವೆ, ಕೆಲವು ಹರಾಜಿಗೆ ಬರುತ್ತವೆ. ಎಷ್ಟೋ ಪೆಟ್ಟಿಗೆಗಳನ್ನು ಯಾರೂ ಗುರುತು ಹಿಡಿಯದೆ ಗುಜರಿಗೆ ತೂಗಿ ಹಾಕಿದ್ದಾರೆ. ನೋಡಲು ಸಾದಾ ತಗಡಿನ ಪೆಟ್ಟಿಗೆ. ಆದರೆ ಓದಲು ಬಂದರೆ ಅದರ ಮೈಯಲ್ಲೆಲ್ಲ ಬರಹವಿದೆ.

ಸೂಟ್‌ಕೇಸೇ ಏಕೆ?

ವಾಯುಪಡೆ ಸೇರಿದವನ ಮೈಮೇಲಿನದೆಲ್ಲ ಸರ್ಕಾರದ್ದು. ಅಂಗಿ, ಬೂಟು, ಕಂಬಳಿ, ಊಟದ ತಟ್ಟೆ, ಹೆಗಲಿಗೆ ಹಾಕುವ ಕ್ಯಾನ್ವಾಸ್ ಚೀಲ, ಎಲ್ಲಕ್ಕೂ ಲೆಕ್ಕವಿತ್ತು. ಬಿಡುಗಡೆಯ ದಿನ ಬಹುಪಾಲನ್ನು ಒಪ್ಪಿಸಬೇಕಿತ್ತು. ಅವನದೇ ಆದ ವಸ್ತುಗಳು ಕಡಿಮೆ: ಮನೆಯ ಕಾಗದಗಳು, ಕೆಲವು ಫೋಟೋ, ತಂಗಿಗೆಂದು ಕೊಂಡ ರೇಷ್ಮೆ ಬಟ್ಟೆ, ಗೆಳೆಯನ ನೆನಪಿನ ಒಂದು ಗುಂಡಿ. ಅವನ್ನು ಇಡಲು ಏನಾದರೂ ಬೇಕಿತ್ತು.

ಕೊಳ್ಳುವುದೂ ಸುಲಭವಿರಲಿಲ್ಲ. ಯುದ್ಧಕಾಲದಲ್ಲಿ ತೊಗಲೆಲ್ಲ ಸೈನ್ಯದ ಬೂಟು, ಬೆಲ್ಟುಗಳಿಗೆ ಹೋಗುತ್ತಿತ್ತು. ಅಂಗಡಿಯಲ್ಲಿ ಸಿಗುತ್ತಿದ್ದ ರಟ್ಟಿನ ಸೂಟ್‌ಕೇಸು ಅಸ್ಸಾಮಿನ ಒಂದು ಮಳೆಗಾಲ ತಡೆಯುವುದಿಲ್ಲ. ಮೊದಲು ಬೂಷ್ಟು ಹಿಡಿಯುತ್ತದೆ, ಆಮೇಲೆ ಗೆದ್ದಲು. ಕಬ್ಬಿಣದ ಟ್ರಂಕು ಗಟ್ಟಿಯೇನೋ ಹೌದು, ಆದರೆ ಹೊತ್ತು ಹಡಗು ಹತ್ತಬೇಕು. ಅಲ್ಯೂಮಿನಿಯಂ ತೂಕದಲ್ಲಿ ಕಬ್ಬಿಣದ ಸುಮಾರು ಮೂರರಲ್ಲಿ ಒಂದು ಪಾಲು. ತುಕ್ಕು ಹಿಡಿಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಅದೂ ಕಣ್ಣೆದುರಿಗೇ ರಾಶಿ ಬಿದ್ದಿತ್ತು.

ಕಾಯುವವರ ಕೆಲಸ

ಜಪಾನ್ 1945ರ ಆಗಸ್ಟಿನಲ್ಲಿ ಶರಣಾಯಿತು. ಆದರೆ ಬ್ರಿಟಿಷ್ ಪಡೆಯವರನ್ನು ಮನೆಗೆ ಕಳಿಸುವ ಸರದಿ ಅವರವರ ವಯಸ್ಸು ಮತ್ತು ಸೇವೆಯ ಅವಧಿಯ ಮೇಲೆ ನಿಂತಿತ್ತು. ಹಡಗುಗಳು ಸಾಲುತ್ತಿರಲಿಲ್ಲ. ತಿಂಗಳುಗಳು ಉರುಳಿದವು. ಹಾರಿಸಲು ವಿಮಾನವಿಲ್ಲ, ರಿಪೇರಿಗೆ ಇಂಜಿನ್ ಇಲ್ಲ, ಆದರೂ ಬೆಳಗ್ಗೆ ಕವಾಯತು ತಪ್ಪಲಿಲ್ಲ.

ಆ ಅಸಹನೆ 1946ರ ಜನವರಿಯಲ್ಲಿ ಒಡೆಯಿತು. ಕರಾಚಿಯಲ್ಲಿ ರಾಯಲ್ ಏರ್‌ಫೋರ್ಸಿನ ಕೆಳದರ್ಜೆಯ ಸಿಬ್ಬಂದಿ ಕೆಲಸ ನಿಲ್ಲಿಸಿದರು. ಕಿಚ್ಚು ಕಾನ್ಪುರಕ್ಕೆ ಹಬ್ಬಿತು, ಸಿಂಗಪುರದ ಸೆಲೆಟಾರ್‌ಗೂ ಮುಟ್ಟಿತು. ಸುಮಾರು 50,000 ಮಂದಿ ಭಾಗಿಗಳಾದರೆಂದು ಲೆಕ್ಕ. ಅವರ ಮುಖ್ಯ ಬೇಡಿಕೆ ಒಂದೇ, ನಮ್ಮನ್ನು ಊರಿಗೆ ಕಳಿಸಿ. ಮುಂದಿನ ತಿಂಗಳೇ ಮುಂಬಯಿಯಲ್ಲಿ ಭಾರತೀಯ ನೌಕಾಪಡೆಯ ಬಂಡಾಯ ನಡೆಯಿತು. ಅದರ ಕಥೆಯೇ ಬೇರೆ, ಅದರ ಕಾರಣಗಳೂ ಆಳವಾದವು. ವಾಯುಪಡೆಯ ಈ ಮುಷ್ಕರವನ್ನು ಮಾತ್ರ ಇಂದು ನೆನೆಯುವವರು ಕಡಿಮೆ.

ತಗಡಿನ ಸೂಟ್‌ಕೇಸನ್ನು ಈ ಕಾಯುವಿಕೆಯ ಪಕ್ಕದಲ್ಲಿಟ್ಟು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ಯುದ್ಧದ ಸ್ಮಾರಕ ಎನ್ನುವುದು ರೂಢಿ. ಆದರೆ ಮಾಡಿದವನ ಮನಸ್ಸು ಯುದ್ಧದ ಕಡೆಗಿರಲಿಲ್ಲ. ಹೊರಡುವ ದಿನಾಂಕ ಗೊತ್ತಿಲ್ಲದವನು ಮೊದಲು ಪೆಟ್ಟಿಗೆ ಸಿದ್ಧಮಾಡಿಕೊಂಡ. ಹೊರಟೇ ಹೊರಡುತ್ತೇನೆ ಎಂದು ತನಗೆ ತಾನೇ ಹೇಳಿಕೊಳ್ಳಲು ಅವನಿಗಿದ್ದ ದಾರಿ ಅದು.

ತಗಡು ಹೇಳುವ ಮಾತು

ಅಡುಗೆಮನೆಯ ಪಾತ್ರೆಯ ಅಲ್ಯೂಮಿನಿಯಂ ಮೆತ್ತಗಿರುತ್ತದೆ, ಬಿದ್ದರೆ ನೆಗ್ಗುತ್ತದೆ. ವಿಮಾನದ್ದು ಹಾಗಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಲೋಹವಿಜ್ಞಾನಿ ಆಲ್ಫ್ರೆಡ್ ವಿಲ್ಮ್ ಒಂದು ಗುಟ್ಟು ಕಂಡುಕೊಂಡರು. ಅಲ್ಯೂಮಿನಿಯಮ್ಮಿಗೆ ಶೇ 4ರಷ್ಟು ತಾಮ್ರ, ಜೊತೆಗೆ ಚೂರು ಮೆಗ್ನೀಸಿಯಂ ಬೆರೆಸಿ, ಕಾಯಿಸಿ, ಥಟ್ಟನೆ ತಣಿಸಿ ಬಿಟ್ಟರೆ ಮುಂದಿನ ಕೆಲವು ದಿನಗಳಲ್ಲಿ ಅದು ತಾನಾಗಿ ಗಟ್ಟಿಯಾಗುತ್ತದೆ. ಡ್ಯುರಾಲ್ಯುಮಿನ್ ಎಂಬ ಹೆಸರಿನಲ್ಲಿ ಬಂದ ಈ ಮಿಶ್ರಲೋಹ ವಿಮಾನಗಳ ಸ್ವರೂಪವನ್ನೇ ಬದಲಾಯಿಸಿತು.

ತಾಮ್ರ ಸೇರಿದ್ದರಿಂದ ಬಲ ಬಂತು, ಆದರೆ ಗಾಳಿ ನೀರಿಗೆ ಸವೆಯುವ ದೋಷವೂ ಬಂತು. ಅದಕ್ಕೆ ಪರಿಹಾರವಾಗಿ ತಗಡಿನ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಮ್ಮಿನ ತೆಳು ಪದರ ಹಚ್ಚುವ ವಿಧಾನ ಬಂತು. ಆ ತಗಡಿಗೆ ಆಲ್‌ಕ್ಲ್ಯಾಡ್ ಎನ್ನುತ್ತಾರೆ. ಅಮೆರಿಕದ ಕಾರ್ಖಾನೆಗಳು ಹಾಳೆಯ ಮೇಲೆ ಸಾಲು ಸಾಲಾಗಿ ‘ಆಲ್‌ಕ್ಲ್ಯಾಡ್ 24ಎಸ್-ಟಿ’ ಎಂದು ಶಾಯಿಯಲ್ಲಿ ಮುದ್ರೆ ಒತ್ತುತ್ತಿದ್ದವು. ಸೂಟ್‌ಕೇಸಿನ ಒಳಮೈಯಲ್ಲಿ, ಬಟ್ಟೆಯ ಅಸ್ತರಿನ ಹಿಂದೆ ಆ ಅಕ್ಷರ ಮಾಸಲಾಗಿ ಕಂಡರೆ ತಗಡು ವಿಮಾನಕ್ಕೆಂದೇ ತಯಾರಾದದ್ದು ಎನ್ನಬಹುದು. ಹಳದಿ ಬೆರೆತ ಹಸಿರು ಬಣ್ಣ ಇನ್ನೊಂದು ಸುಳಿವು. ಅದು ಝಿಂಕ್ ಕ್ರೋಮೇಟ್, ವಿಮಾನದ ಒಳಭಾಗಕ್ಕೆ ಬಳಿಯುತ್ತಿದ್ದ ರಕ್ಷಣೆಯ ಬಣ್ಣ.

ಈಗ ಮೂಲೆಗಳನ್ನು ನೋಡಿ. ಕೈಯಲ್ಲಿ ಮಾಡಿದ ಈ ಪೆಟ್ಟಿಗೆಗಳ ಮಡಿಕೆ ಚೂಪಾಗಿರದೆ ಸ್ವಲ್ಪ ದುಂಡಗಿರುತ್ತದೆ. ಅಂದಕ್ಕಾಗಿ ಹಾಗೆ ಮಾಡಿದ್ದಲ್ಲ. ಗಟ್ಟಿಗೊಳಿಸಿದ ಈ ತಗಡನ್ನು ಚೂಪಾಗಿ ಮಡಿಸಿದರೆ ಮಡಿಕೆಯಲ್ಲೇ ಬಿರಿಯುತ್ತದೆ. ವಿಮಾನ ರಿಪೇರಿ ಮಾಡಿದವನಿಗೆ ಇದು ಕೈಯಿಂದಲೇ ಗೊತ್ತು. ಮರದ ದುಂಡನೆಯ ತುಂಡಿನ ಮೇಲಿಟ್ಟು ನಿಧಾನವಾಗಿ ಬಗ್ಗಿಸುತ್ತಾನೆ. ಮೂಲೆಗೆ ಬೇರೆ ತುಂಡು ಕತ್ತರಿಸಿ ಮೇಲೆ ಕೂರಿಸುತ್ತಾನೆ.

ಬೆಸುಗೆ ಕಾಣುವುದಿಲ್ಲ. ಅಲ್ಯೂಮಿನಿಯಮ್ಮಿನ ಮೈಮೇಲೆ ಕ್ಷಣದಲ್ಲಿ ಕಟ್ಟಿಕೊಳ್ಳುವ ಆಕ್ಸೈಡ್ ಪದರ ಮಾಮೂಲಿ ಬೆಸುಗೆಯನ್ನು ಹಿಡಿಯಗೊಡುವುದಿಲ್ಲ. ಆದ್ದರಿಂದ ಎಲ್ಲ ಜೋಡಣೆಯೂ ರಿವೆಟ್ಟಿನದು. ಆಗ ವಿಮಾನದ ಕೆಲವು ಜಾತಿಯ ರಿವೆಟ್ಟುಗಳನ್ನು ಕಾಯಿಸಿ ತಣಿಸಿದ ಮೇಲೆ ಮಂಜುಪೆಟ್ಟಿಗೆಯಲ್ಲಿ ಇಡಬೇಕಾಗಿತ್ತು. ಹೊರಗಿಟ್ಟರೆ ತಾವೇ ಗಟ್ಟಿಯಾಗಿ, ಬಡಿದರೆ ಒಡೆಯುತ್ತಿದ್ದವು. ಇನ್ನೊಂದು ಜಾತಿಗೆ ಆ ಉಪಚಾರ ಬೇಡ, ಹಾಗೆಯೇ ಬಡಿಯಬಹುದು. ಅದರ ತಲೆಯ ನಡುವೆ ಸಾಸಿವೆಯಷ್ಟು ಚಿಕ್ಕ ಗುಳಿ. ಸೂಟ್‌ಕೇಸಿನ ಅಂಚಿನಲ್ಲಿ ಆ ಗುಳಿಯ ರಿವೆಟ್ಟುಗಳು ಸಮ ಅಂತರದಲ್ಲಿ ಸಾಲಾಗಿ ನಿಂತಿದ್ದರೆ, ಮಾಡಿದವನು ವಿಮಾನದ ಕೆಲಸ ಬಲ್ಲವನೆಂದು ನಂಬಲು ಒಳ್ಳೆಯ ಕಾರಣ ಸಿಕ್ಕಂತೆ.

ಒಂದು ಎಚ್ಚರ ಬೇಕು. ಯುದ್ಧದ ಲೋಹದಿಂದ ಮಾಡಿದ ವಸ್ತುಗಳನ್ನೆಲ್ಲ ಸೈನಿಕರೇ ಮಾಡಿದ್ದಲ್ಲ. ಇಂಥ ವಸ್ತುಗಳನ್ನು ಅಧ್ಯಯನ ಮಾಡಿದ ಬ್ರಿಟಿಷ್ ಮಾನವಶಾಸ್ತ್ರಜ್ಞ ನಿಕೊಲಸ್ ಸಾಂಡರ್ಸ್ ಸೈನಿಕರು, ಯುದ್ಧಕೈದಿಗಳು, ನಾಗರಿಕರು ಎಂದು ಮಾಡಿದವರನ್ನು ಬೇರೆ ಬೇರೆಯಾಗಿ ನೋಡುತ್ತಾರೆ. ಊರಿನ ಕಸಬುದಾರರು ಸೈನಿಕರಿಗೆ ಮಾರಲೆಂದೇ ಮಾಡಿದ ವಸ್ತುಗಳೂ ಧಾರಾಳವಾಗಿವೆ. ಆ ಕಸಬುದಾರರ ಹೆಸರು ಎಲ್ಲೂ ದಾಖಲಾಗಿಲ್ಲ ಎಂಬುದು ನನಗೆ ನೋವಿನ ವಿಷಯ. ಪೆಟ್ಟಿಗೆ ಹೊತ್ತವನ ಹೆಸರು ಮುಚ್ಚಳದ ಮೇಲಿದೆ, ತಗಡು ಬಡಿದವನದು ಇಲ್ಲ.

ಮುಳ್ಳುತಂತಿಯ ಒಳಗೆ

ಯುದ್ಧಕೈದಿಯ ಕಾಯುವಿಕೆ ಇನ್ನೂ ಕಠಿಣ. ಅವನಿಗೆ ರೆಕ್ಕೆಯ ತಗಡು ಸಿಗುತ್ತಿರಲಿಲ್ಲ, ಹಾಲುಪುಡಿಯ ಡಬ್ಬಿ ಸಿಗುತ್ತಿತ್ತು.

ಜರ್ಮನ್ನರು ಸೆರೆಹಿಡಿದ ವಾಯುಪಡೆ ಅಧಿಕಾರಿಗಳನ್ನು ಇಡುತ್ತಿದ್ದ ಶಿಬಿರಗಳಲ್ಲಿ ಪ್ರಸಿದ್ಧವಾದದ್ದು ಸಾಗಾನ್ ಪಟ್ಟಣದ ಸ್ಟಾಲಾಗ್ ಲುಫ್ಟ್ 3. ಆ ಊರು ಈಗ ಪೋಲೆಂಡಿನಲ್ಲಿದೆ. ರೆಡ್‌ಕ್ರಾಸ್ ಪೊಟ್ಟಣಗಳಲ್ಲಿ ಬರುತ್ತಿದ್ದ ‘ಕ್ಲಿಮ್’ ಹಾಲುಪುಡಿ ಡಬ್ಬಿಗಳು ಅಲ್ಲಿನವರ ಕಚ್ಚಾವಸ್ತು. ಡಬ್ಬಿ ಬಿಡಿಸಿ, ಚಪ್ಪಟೆ ಮಾಡಿ, ಅಂಚಿಗೆ ಅಂಚು ಮಡಿಸಿ ಕೊಂಡಿ ಹಾಕಿದರೆ ದೊಡ್ಡ ಹಾಳೆಯಾಗುತ್ತದೆ. ತವರ ಬಳಿದ ತಗಡಾದ್ದರಿಂದ ಬೆಸುಗೆ ಹಿಡಿಯುತ್ತದೆ. ಬೆಸುಗೆಯ ಸೀಸವನ್ನು ಮಾಂಸದ ಡಬ್ಬಿಗಳ ಕೂಡುಗೆರೆಯಿಂದಲೇ ಕರಗಿಸಿ ತೆಗೆಯುತ್ತಿದ್ದರು. ಬಾಣಲೆ, ಒಲೆ, ಪೆಟ್ಟಿಗೆ, ಏನು ಬೇಕಾದರೂ ಆಗುತ್ತಿತ್ತು. ಪೆಟ್ಟಿಗೆಯಲ್ಲಿ ರಿವೆಟ್ ಇಲ್ಲದೆ ಮಡಿಸಿದ ಅಂಚು, ಬೆಸುಗೆ ಕಂಡರೆ ಕೈದಿಯ ಕೈಕೆಲಸವಿರಬಹುದೆಂದು ಊಹಿಸಬಹುದು.

ಇದೇ ಡಬ್ಬಿಗಳನ್ನು ಒಂದಕ್ಕೊಂದು ಜೋಡಿಸಿ ಸುರಂಗಕ್ಕೆ ಗಾಳಿಯ ಕೊಳವೆಯನ್ನೂ ಮಾಡಿದರು. 1944ರ ಮಾರ್ಚ್ 24ರ ರಾತ್ರಿ ನೆಲದಡಿ ಸುಮಾರು 9 ಮೀಟರ್ ಆಳದಲ್ಲಿ ತೋಡಿದ, 100 ಮೀಟರಿಗೂ ಉದ್ದದ ‘ಹ್ಯಾರಿ’ ಎಂಬ ಸುರಂಗದಲ್ಲಿ ತೆವಳಿ 76 ಮಂದಿ ಹೊರಬಿದ್ದರು. ರೈಲು ಹತ್ತುವ ಉದ್ದೇಶವಿದ್ದವರು ವ್ಯಾಪಾರಿಯಂತೆ, ವಲಸೆ ಕೆಲಸಗಾರರಂತೆ ಕಾಣಬೇಕಿತ್ತು. ಸಮವಸ್ತ್ರವನ್ನು ಹೊಲಿದು ಸೂಟು ಮಾಡಿಕೊಂಡರು, ನಕಲಿ ಕಾಗದಪತ್ರ ಬರೆದುಕೊಂಡರು. ಆದರೆ ಬರಿಗೈಯಲ್ಲಿ ದೂರ ಪ್ರಯಾಣ ಮಾಡುವವನನ್ನು ಯಾರಾದರೂ ಅನುಮಾನಿಸುತ್ತಾರೆ. ಹಾಗಾಗಿ ಕೈಯಲ್ಲಿ ಸೂಟ್‌ಕೇಸು ಬೇಕಾಯಿತು. ಎರಡು ಅಡಿ ಅಗಲದ ಸುರಂಗದಲ್ಲಿ ಅವೇ ತೊಡಕೂ ಆದವು. ಸೂಟ್‌ಕೇಸು, ಕಂಬಳಿಯ ಸುರುಳಿ ಅಲ್ಲಲ್ಲಿ ಸಿಕ್ಕಿಕೊಂಡು ಸಾಲು ನಿಧಾನವಾಯಿತು. 200 ಮಂದಿಯನ್ನು ಹೊರಗೆ ಕಳಿಸುವ ಯೋಜನೆ ಪೂರ್ತಿಯಾಗದಿರಲು ಇದೂ ಒಂದು ಕಾರಣ.

ಹೊರಬಿದ್ದವರಲ್ಲಿ ಕೊನೆಗೂ ಪಾರಾದವರು ಮೂವರು. 73 ಮಂದಿ ಸಿಕ್ಕಿಬಿದ್ದರು, ಅವರಲ್ಲಿ 50 ಜನರನ್ನು ಹಿಟ್ಲರನ ಆಜ್ಞೆಯಂತೆ ಗುಂಡಿಟ್ಟು ಕೊಂದರು. ಪಾರಾದ ಮೂವರಲ್ಲಿ ಒಬ್ಬ ನಾರ್ವೆಯ ಪೆರ್ ಬರ್ಗ್ಸ್‌ಲಾಂಡ್. ಅವನ ಕೈಯಲ್ಲಿದ್ದದ್ದು ನಾರ್ವೆಯಿಂದಲೇ ಶಿಬಿರಕ್ಕೆ ಬಂದಿದ್ದ ಒಂದು ಚಿಕ್ಕ ಸೂಟ್‌ಕೇಸು. ಒಳಗೆ ನಾರ್ವೆಯ ಸೋಪು, ಟೂತ್‌ಪೇಸ್ಟು, ಸ್ಯಾಂಡ್‌ವಿಚ್. ನಾರ್ವೆಯ ಕೆಲಸಗಾರನ ವೇಷ ಹಾಕಿದವನ ಪೆಟ್ಟಿಗೆಯನ್ನು ಯಾರಾದರೂ ತೆರೆದು ನೋಡಿದ್ದರೂ ಕಥೆಗೆ ಹೊಂದುತ್ತಿತ್ತು. ಅವನು ಮತ್ತು ಅವನ ದೇಶದವನೇ ಆದ ಯೆನ್ಸ್ ಮುಲ್ಲರ್ ರೈಲಿನಲ್ಲಿ ಸ್ಟೆಟಿನ್ ಬಂದರಿಗೆ ಹೋಗಿ, ಹಡಗಿನಲ್ಲಿ ಅಡಗಿ ಸ್ವೀಡನ್ ಮುಟ್ಟಿದರು.

ಉಳಿದ ಕೈದಿಗಳಿಗೆ ಹೊರಡುವ ಆಜ್ಞೆ ಬಂದದ್ದು 1945ರ ಜನವರಿ 27ರ ರಾತ್ರಿ. ಸೋವಿಯತ್ ಸೈನ್ಯ ಹತ್ತಿರವಾಗುತ್ತಿತ್ತು, ಜರ್ಮನ್ನರು ಶಿಬಿರವನ್ನೇ ಖಾಲಿ ಮಾಡಿಸಿದರು. ಹಿಮ ಬೀಳುವ ರಾತ್ರಿಯಲ್ಲಿ ಸ್ಪ್ರೆಂಬರ್ಗ್‌ವರೆಗೆ ಸುಮಾರು 80 ಕಿಲೋಮೀಟರ್ ನಡಿಗೆ. ಸಿಕ್ಕಿದ ಕೆಲವೇ ಗಂಟೆಗಳಲ್ಲಿ ಅಂಗಿಯ ತೋಳು ಹೊಲಿದು ಬೆನ್ನುಚೀಲ ಮಾಡಿದರು, ಮಂಚದ ಹಲಗೆ, ರೆಡ್‌ಕ್ರಾಸ್ ಪೆಟ್ಟಿಗೆಗಳಿಂದ ಹಿಮಗಾಡಿ ಮಾಡಿದರು. ದಾರಿಯುದ್ದಕ್ಕೂ ಭಾರವೆನಿಸಿದ್ದನ್ನು ಒಂದೊಂದಾಗಿ ಎಸೆಯುತ್ತಾ ಹೋದರು. ಆ ನಡಿಗೆಯನ್ನು ದಾಟಿ ಮನೆ ಮುಟ್ಟಿದ ಪೆಟ್ಟಿಗೆಯೊಂದು ಇವತ್ತು ಎಲ್ಲಾದರೂ ಸಿಕ್ಕರೆ, ಅದರ ಒಡೆಯ ತಿನ್ನುವ ವಸ್ತುವನ್ನು ಬಿಟ್ಟು ಅದನ್ನು ಹೊತ್ತಿರಬಹುದು ಎಂಬುದನ್ನು ನೆನಪಿಡಬೇಕು.

ಕಾನ್ಪುರದಿಂದ ಬೆಂಗಳೂರಿಗೆ

ಮತ್ತೆ ಭಾರತಕ್ಕೆ ಬರೋಣ. ಇಷ್ಟೊಂದು ತಗಡು ಬಯಲಿನಲ್ಲಿ ಬಿದ್ದದ್ದು ಹೇಗೆ?

ಒಂದು ಕಾರಣ, ಅಪಘಾತಗಳು. ಅಸ್ಸಾಮಿನಿಂದ ಹಿಮಾಲಯದ ಪೂರ್ವದ ತುದಿ ದಾಟಿ ಚೀನಾದ ಕುನ್‌ಮಿಂಗ್‌ಗೆ ಸಾಮಾನು ಸಾಗಿಸುತ್ತಿದ್ದ ‘ಹಂಪ್’ ವಾಯುಮಾರ್ಗ ಒಂದರಲ್ಲೇ 1942ರಿಂದ 1945ರವರೆಗೆ ಸುಮಾರು 600 ವಿಮಾನಗಳು ನಾಶವಾದವು. ಪೈಲಟ್‌ಗಳು ಆ ದಾರಿಯನ್ನು ‘ಅಲ್ಯೂಮಿನಿಯಂ ಜಾಡು’ ಎಂದೇ ಕರೆಯುತ್ತಿದ್ದರು. ಕೆಳಗೆ ಹೊಳೆಯುವ ಅವಶೇಷಗಳೇ ದಾರಿ ತೋರಿಸುವಷ್ಟಿದ್ದವು. ಅರುಣಾಚಲದ ಪಾಸಿಘಾಟ್‌ನಲ್ಲಿ ಈಗ ಇದಕ್ಕೆಂದೇ ಮ್ಯೂಸಿಯಂ ಆಗಿದೆ.

ಇನ್ನೊಂದು ಕಾರಣ, ಲೆಕ್ಕಾಚಾರ. 1941ರ ಲೆಂಡ್-ಲೀಸ್ ಕಾಯ್ದೆಯಡಿ ಅಮೆರಿಕ ಬ್ರಿಟನ್ನಿಗೆ ಕೊಟ್ಟ ವಿಮಾನಗಳನ್ನು ಯುದ್ಧ ಮುಗಿದ ಮೇಲೆ ಹಿಂದಿರುಗಿಸಬೇಕಿತ್ತು, ಇಲ್ಲವೇ ಹಣ ಕೊಡಬೇಕಿತ್ತು, ಇಲ್ಲವೇ ನಾಶ ಮಾಡಬೇಕಿತ್ತು. ಕಾನ್ಪುರದಲ್ಲಿ ಬ್ರಿಟಿಷರು ಲಿಬರೇಟರ್ ಬಾಂಬರ್‌ಗಳನ್ನು ಸಾಲಾಗಿ ನಿಲ್ಲಿಸಿ, ಉಪಕರಣಗಳನ್ನು ಒಡೆದು, ಇಂಜಿನ್ನಿಗೆ ಮರಳು ಸುರಿದು, ಮೈಗೆ ಬುಲ್ಡೋಜರ್ ಗುದ್ದಿಸಿ ಇನ್ನು ಹಾರದಂತೆ ಮಾಡಿ ಬಿಟ್ಟುಹೋದರು.

ಇಲ್ಲಿ ನಮ್ಮೂರಿನ ಅಧ್ಯಾಯ ಬರುತ್ತದೆ. ಉದ್ಯಮಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ಹತೋಟಿಗೆ ಹೋಯಿತು. ಭಾರತ-ಬರ್ಮಾ ರಂಗದಲ್ಲಿ ಪೆಟ್ಟು ತಿಂದ ಅಮೆರಿಕದ ವಿಮಾನಗಳು ರಿಪೇರಿಗೆ ಬರುತ್ತಿದ್ದದ್ದು ಅಲ್ಲಿಗೆ. ನೀರಿನ ಮೇಲಿಳಿಯುವ ಕ್ಯಾಟಲಿನಾಗಳೂ ಬಂದವು. ತಗಡು ಕತ್ತರಿಸುವುದು, ರಿವೆಟ್ ಬಡಿಯುವುದು ಎಂಬ ಹೊಸ ಕಸುಬನ್ನು ಸಾವಿರಾರು ಸ್ಥಳೀಯರು ಕಲಿತದ್ದು ಈ ವರ್ಷಗಳಲ್ಲಿ. ಯುದ್ಧ ಮುಗಿದು ವಿಮಾನದ ಕೆಲಸ ಕಡಿಮೆಯಾದಾಗ ಅದೇ ಕೈಗಳು ರೈಲ್ವೆ ಬೋಗಿಗಳನ್ನು ಕಟ್ಟಿದವು.

ಸ್ವಾತಂತ್ರ್ಯ ಬಂದ ಮೇಲೆ, ಭಾರತಕ್ಕೆ ಭಾರಿ ಬಾಂಬರ್ ಬೇಕಾದಾಗ, ಈ ಕಾರ್ಖಾನೆಯವರು ಕಾನ್ಪುರದ ಆ ಸ್ಮಶಾನಕ್ಕೆ ಹೋದರು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹಾಕಿ, ಬೆಂಗಳೂರಿನವರೆಗೆ ಹಾರುವಷ್ಟು ಸರಿಮಾಡಿದರು. ಜಮ್ಶೆದ್ ಮುನ್ಷಿ ಎಂಬ ಪೈಲಟ್ ಅವನ್ನು ಒಂದೊಂದಾಗಿ ಹಾರಿಸಿಕೊಂಡು ಬಂದರು. ಹೀಗೆ 40ಕ್ಕೂ ಹೆಚ್ಚು ವಿಮಾನಗಳು ಮರುಜೀವ ಪಡೆದವು. 1948ರಲ್ಲಿ ವಾಯುಪಡೆಗೆ ಸೇರಿ 1968ರವರೆಗೆ ಸೇವೆಯಲ್ಲಿದ್ದವು. ಅಮೆರಿಕ ಒಟ್ಟು 18,000ಕ್ಕೂ ಹೆಚ್ಚು ಲಿಬರೇಟರ್ ಕಟ್ಟಿತ್ತು. ಇಂದು ಜಗತ್ತಿನಲ್ಲಿ ಉಳಿದಿರುವುದು ಕೆಲವೇ ಕೆಲವು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿ, ಅರಿಜೋನಾದ ಟೂಸಾನ್‌ನ ಪೀಮಾ ಮ್ಯೂಸಿಯಂನಲ್ಲಿ ನಿಂತಿರುವ ಲಿಬರೇಟರ್‌ಗಳು ಭಾರತೀಯ ವಾಯುಪಡೆಯಿಂದ ಹೋದವು. ಒಡೆದು ಬಿಸಾಡಿದವರ ದೇಶವೇ ಕೊನೆಗೆ ಅವನ್ನು ನಮ್ಮಿಂದ ಕೇಳಿ ಪಡೆಯಿತು. ಬೆಂಗಳೂರಿನ ಕುಶಲಕರ್ಮಿಗಳ ಈ ಸಾಧನೆಯನ್ನು ನಮ್ಮ ಶಾಲೆಯ ಪಾಠಗಳಲ್ಲಿ ಇನ್ನಾದರೂ ಸೇರಿಸಬೇಕು.

ಪೆಟ್ಟಿಗೆಯ ಎರಡನೇ ಬದುಕು

ಮನೆ ಸೇರಿದ ಸೂಟ್‌ಕೇಸಿಗೆ ಗೌರವವೇನೂ ಸಿಗಲಿಲ್ಲ, ಕೆಲಸ ಸಿಕ್ಕಿತು. ಗಟ್ಟಿಮುಟ್ಟಾದ ಹಗುರ ಪೆಟ್ಟಿಗೆ ಯಾವ ಮನೆಗೆ ಬೇಡ? ರಜೆಯ ಪ್ರಯಾಣಕ್ಕೆ, ಹೊಲಿಗೆಯ ಸಾಮಾನಿಗೆ, ಸುತ್ತಿಗೆ ಮೊಳೆಗೆ, ಮಕ್ಕಳ ಆಟಿಕೆಗೆ ಅದೇ ಆಯಿತು. ಹಿಡಿ ಕಿತ್ತುಬಂದಾಗ ಬೇರೆ ಹಿಡಿ ಹಾಕಿದರು, ಹೆಸರಿನ ಮೇಲೆ ಬಣ್ಣ ಬಳಿದರು. ಮ್ಯೂಸಿಯಂನವರಿಗೆ ಇದು ಹಾನಿಯಂತೆ ಕಾಣಬಹುದು. ನನಗೆ ಹಾಗೆ ಅನಿಸುವುದಿಲ್ಲ. ಬದಲಾಯಿಸಿದ ಹಿಡಿಯೂ ಆ ಮನೆಯ ಚರಿತ್ರೆಯೇ. ದಿನವೂ ಬಳಕೆಯಲ್ಲಿದ್ದದ್ದರಿಂದಲೇ ಪೆಟ್ಟಿಗೆ ಉಳಿಯಿತು.

ಅಪಾಯ ಬರುವುದು ಬಳಕೆ ನಿಂತ ಮೇಲೆ. ಚಕ್ರದ ಸೂಟ್‌ಕೇಸು ಬಂದಾಗ ಇದು ಅಟ್ಟ ಹತ್ತಿತು. ಮಾಡಿದವರು ತೀರಿಕೊಂಡರು. ಮುಚ್ಚಳದ ಮೇಲಿನ ಸಂಖ್ಯೆ ಯಾವುದು, ಕೆತ್ತಿದ ಊರ ಹೆಸರು ಎಲ್ಲಿಯದು ಎಂದು ಹೇಳುವವರಿಲ್ಲ. ಹರಾಜಿನ ಪಟ್ಟಿಯಲ್ಲಿ ‘ಯುದ್ಧಕಾಲದ ಅಲ್ಯೂಮಿನಿಯಂ ಪೆಟ್ಟಿಗೆ’ ಎಂಬ ಒಂದು ಸಾಲಾಗಿ ಉಳಿಯುತ್ತದೆ. ಹೆಸರು, ಸೇವಾ ಸಂಖ್ಯೆ, ಒಂದು ಫೋಟೋ, ಒಂದು ಕಾಗದ ಜೊತೆಗಿದ್ದರೆ ಅದೇ ಪೆಟ್ಟಿಗೆ ದಾಖಲೆಯಾಗುತ್ತದೆ, ಏಕೆಂದರೆ ಸೇವಾ ಸಂಖ್ಯೆಯ ಜಾಡು ಹಿಡಿದು ಘಟಕವನ್ನೂ, ಊರನ್ನೂ, ಕೆಲವೊಮ್ಮೆ ವಿಮಾನವನ್ನೂ ಪತ್ತೆ ಮಾಡಬಹುದು.

ನಿಮ್ಮ ಮನೆಯ ಅಟ್ಟದಲ್ಲಿದ್ದರೆ

ಕರ್ನಾಟಕದಲ್ಲೂ ಸೈನ್ಯದಲ್ಲಿ, ವಾಯುಪಡೆಯಲ್ಲಿ ಸೇವೆ ಮಾಡಿದವರ ಮನೆಗಳು ಸಾವಿರಾರಿವೆ. ಹೆಸರು, ನಂಬರು ಬರೆದ ಟ್ರಂಕು ಅಂಥ ಮನೆಗಳ ಮೂಲೆಯಲ್ಲಿ ಇರುತ್ತದೆ. ಎಚ್‌ಎಎಲ್‌ನಲ್ಲಿ ದುಡಿದ ಅಜ್ಜಂದಿರು ಮಾಡಿಟ್ಟ ಸಣ್ಣಪುಟ್ಟ ತಗಡಿನ ಸಾಮಾನೂ ಇರಬಹುದು.

ಸಿಕ್ಕರೆ ಮೊದಲು ಮಾಡಬಾರದ್ದು, ಉಜ್ಜಿ ಹೊಳಪು ಕೊಡುವುದು. ಪಾಲಿಶ್ ಹಚ್ಚಿ ಉಜ್ಜಿದರೆ ಮೇಲಿನ ತೆಳು ರಕ್ಷಾಪದರ ಸವೆಯುತ್ತದೆ, ಕಾರ್ಖಾನೆಯ ಮುದ್ರೆಯೂ ಹೋಗುತ್ತದೆ. ಹಳದಿ-ಹಸಿರು ಬಣ್ಣವಿದ್ದರೆ ಉಪ್ಪುಕಾಗದ ಹಾಕಲೇಬೇಡಿ. ಕ್ರೋಮೇಟಿನ ಪುಡಿ ಉಸಿರಿನಲ್ಲಿ ಒಳಹೋದರೆ ಆರೋಗ್ಯಕ್ಕೆ ಅಪಾಯ. ಒಣ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಸಡಿಲವಾದ ಜಾಗಕ್ಕೆ ಕಬ್ಬಿಣದ ಅಥವಾ ಹಿತ್ತಾಳೆಯ ಸ್ಕ್ರೂ ಹಾಕಬೇಡಿ. ತೇವ ತಾಗಿದಾಗ ಎರಡು ಲೋಹ ಕೂಡಿದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಒಳಗಿನ ಕಾಗದ, ಫೋಟೋ ಯಾವ ಕ್ರಮದಲ್ಲಿದ್ದವೋ ಹಾಗೆಯೇ ಒಂದು ಚಿತ್ರ ತೆಗೆದುಕೊಂಡು, ಆಮೇಲೆ ಎತ್ತಿ ಒಣ ಜಾಗದಲ್ಲಿ ಬೇರೆ ಇಡಿ.

ಇದೆಲ್ಲಕ್ಕಿಂತ ಮೊದಲು ಮನೆಯಲ್ಲಿರುವ ಅತ್ಯಂತ ಹಿರಿಯರ ಹತ್ತಿರ ಹೋಗಿ ಕುಳಿತುಕೊಳ್ಳಿ. ಇದು ಯಾರದು, ಯಾವ ಊರಿಂದ ಬಂತು, ಯಾರು ಮಾಡಿದರು, ಒಳಗೆ ಏನಿಡುತ್ತಿದ್ದರು ಎಂದು ಕೇಳಿ. ಅವರು ಹೇಳಿದ್ದನ್ನು ಪೆನ್ಸಿಲಿನಲ್ಲಿ ಒಂದು ಹಾಳೆಯ ಮೇಲೆ ಬರೆಯಿರಿ. ಹೇಳಿದವರ ಹೆಸರು, ಬರೆದವರ ಹೆಸರು, ದಿನಾಂಕ ಹಾಕಿ. ಹಾಳೆಯನ್ನು ಅಂಟಿಸದೆ ಪೆಟ್ಟಿಗೆಯೊಳಗೆ ಇಡಿ, ಇನ್ನೊಂದು ಪ್ರತಿಯನ್ನು ಬೇರೆ ಊರಿನಲ್ಲಿರುವ ನೆಂಟರಿಗೆ ಕಳಿಸಿ.